ದ್ರಾಕ್ಷಿ ಬೀಜದ ಅಕ್ಕಾವ್ರು

ಅವರ ಮುಖ ನೋಡಿದವರು ಮೊದಲು ಕೇಳುತ್ತಿದ್ದದ್ದು ಅವರ ವಯಸ್ಸನ್ನು. ನನ್ನ ಮುಖ ನೋಡಿದವರು ಮೊದಲು ಕೇಳುವುದು, "ಯಾಕೆ, ಹುಷಾರಿಲ್ವಾ?" ಎಂದು.

ಹದಿಮೂರು ವರ್ಷ ನಾವಿಬ್ಬರೂ ಡಚ್ಚರ ದೇಶದ ಆಮ್ಸ್ಟೆಲ್‌ವೀನ್‌ನಿಂದ ಒಂದೇ ಬಸ್ಸು, ಆಮೇಲೆ ಒಂದೇ ರೈಲು ಹಿಡಿದು ಲೈಡನ್ನಿನ ಒಂದೇ ಲ್ಯಾಬಿಗೆ ಹೋಗಿ ಬಂದೆವು. ಇಬ್ಬರ ಮುಖಕ್ಕೂ ಬಡಿದದ್ದು ಅದೇ ಗಾಳಿ, ಇಬ್ಬರೂ ಮುಖ ತೊಳೆದದ್ದು ಅದೇ ನಲ್ಲಿ ನೀರಿನಲ್ಲಿ. ಅವರು ನನಗಿಂತ ಹದಿನೆಂಟು ವರ್ಷ ದೊಡ್ಡವರು. ಆದರೂ ಒಂದು ದೀಪಾವಳಿ ಕೂಟದಲ್ಲಿ, ಬೆಂಗಳೂರಿನಿಂದ ಹೊಸದಾಗಿ ಬಂದಿದ್ದ ಹುಡುಗಿಯೊಬ್ಬಳು ನನ್ನನ್ನು ತೋರಿಸಿ ಅವರನ್ನು ಕೇಳಿದಳು: "ಆಂಟಿ, ಇವ್ರು ನಿಮ್ಮ ಅಕ್ಕನಾ?"

ಅವರಾದರೂ ಹುಡುಗಿಯನ್ನು ತಿದ್ದಬಹುದಿತ್ತು. ತಿದ್ದಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕರು. "ಹೌದವಾ, ನಮ್ಮಕ್ಕ. ಭಾಳ ಓದ್ಯಾಳ, ಅದಕ್ಕ ಹಿಂಗ ಸೊರಗ್ಯಾಳ," ಎಂದರು. ಸುತ್ತ ಇದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ಕನ್ನಡಿಯ ಮುಂದೆ ಐದು ನಿಮಿಷ ನಿಂತೆ. ಎರಡೂ ಕೆನ್ನೆಯ ಮೇಲೆ ಹರಡಿದ್ದ ಬಂಗು ಆ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಇನ್ನಷ್ಟು ಕಪ್ಪಾಗಿ ಕಾಣುತ್ತಿತ್ತು.

ಕಳೆದ ತಿಂಗಳು ಅವರು ನಿವೃತ್ತರಾದರು. ಈ ದೇಶದ ಲೆಕ್ಕದಲ್ಲಿ ಅರವತ್ತೇಳು ತುಂಬಿತು. ಅವರ ಹೆಸರು ಬರೆಯುವುದಿಲ್ಲ, ಬರೆಯಬೇಡ ಎಂದು ಅವರೇ ಹೇಳಿದ್ದಾರೆ. ನಾವು ಕನ್ನಡದವರು ಅವರನ್ನು ಅಕ್ಕಾವ್ರು ಎನ್ನುತ್ತಿದ್ದೆವು. ವಿಜಯಪುರದ ಕಡೆಯವರು. ಮದುವೆಯಾಗಿ ಈ ದೇಶಕ್ಕೆ ಬಂದಾಗ ಡಚ್ಚಿನ ಒಂದಕ್ಷರ ಗೊತ್ತಿರಲಿಲ್ಲವಂತೆ. ಲ್ಯಾಬಿನಲ್ಲಿ ಗಾಜಿನ ಪಾತ್ರೆ ತೊಳೆಯುವ ಕೆಲಸಕ್ಕೆ ಸೇರಿ, ಸಂಜೆ ಕ್ಲಾಸಿನಲ್ಲಿ ಓದಿ, ನಾನು ಬರುವ ಹೊತ್ತಿಗೆ ಅಲ್ಲಿನ ಹಿರಿಯ ಸಹಾಯಕಿಯಾಗಿದ್ದರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮೈಸೂರಿನಲ್ಲಿ ಎಂ.ಎಸ್ಸಿ. ಮಾಡಿ, ಇಲ್ಲಿನ ವಾಗೆನಿಂಗನ್ ವಿಶ್ವವಿದ್ಯಾಲಯದಲ್ಲಿ ದ್ರಾಕ್ಷಿ ಬೀಜದ ಮೇಲೆಯೇ ಪಿಎಚ್.ಡಿ. ಮಾಡಿ ಬಂದವಳು ನಾನು. ಅಂದರೆ ಕುರ್ಚಿಯ ಲೆಕ್ಕದಲ್ಲಿ ನಾನು ಮೇಲೆ, ಅವರು ಕೆಳಗೆ. ಇದನ್ನು ಇಷ್ಟು ಬೇಗ ಹೇಳಿಬಿಡುತ್ತಿರುವುದರಿಂದಲೇ ನನ್ನ ಸ್ವಭಾವ ನಿಮಗೆ ಗೊತ್ತಾಗಿರಬೇಕು.

ನಮ್ಮ ಲ್ಯಾಬಿನ ಕೆಲಸ ಸರಳ. ಗಿಡಮೂಲದ ಪುಡಿ, ಸಾರ, ಮಾತ್ರೆಗಳ ಡಬ್ಬಿಯ ಮೇಲೆ ಬರೆದದ್ದೇ ಒಳಗೂ ಇದೆಯೇ ಎಂದು ನೋಡಿ ವರದಿ ಕೊಡುವುದು. ಅದರಲ್ಲಿ ಹೆಚ್ಚು ಬರುತ್ತಿದ್ದದ್ದು ದ್ರಾಕ್ಷಿ ಬೀಜದ ಸಾರ. ವೈನ್ ಮಾಡಿ ಉಳಿದ ಬೀಜದಿಂದ ತೆಗೆದ ಕಂದುಗೆಂಪು ಪುಡಿ ಅದು. ನಾಲಿಗೆಗೆ ತಾಗಿದರೆ ಎಳೆ ಬಾಳೆಕಾಯಿಯ ಹಾಗೆ ಒಗರು. ಆ ಒಗರಿನಲ್ಲೇ ಅದರ ಗುಣವೂ ಇರುವುದು. ಚರ್ಮದ ಬಿಗಿ ಉಳಿಸುತ್ತದೆ, ಬಿಸಿಲಿನ ಕಲೆ ತಿಳಿಯಾಗಿಸುತ್ತದೆ, ರಕ್ತನಾಳಕ್ಕೆ ಒಳ್ಳೆಯದು, ಕಾಲಿನ ಊತ ಇಳಿಸುತ್ತದೆ ಎಂದೆಲ್ಲ ಮಾರುವವರು ಹೇಳುತ್ತಾರೆ. ಅಷ್ಟಿಷ್ಟು ನಿಜವಿರಬಹುದು. ಗಾಜಿನ ನಳಿಗೆಯಲ್ಲಿ ಮಾಡಿ ತೋರಿಸುವುದನ್ನೆಲ್ಲ ಅದು ಮನುಷ್ಯರ ಮೈಯೊಳಗೂ ಮಾಡುತ್ತದೆ ಎನ್ನಲು ನನ್ನ ಹತ್ತಿರ ಪುರಾವೆ ಇಲ್ಲ. ಯಾರು ಕೇಳಿದರೂ ನಾನು ಹೀಗೇ ಹೇಳುತ್ತೇನೆ. ಹೀಗೆ ಹೇಳುತ್ತಲೇ ಎರಡು ವರ್ಷ ದಿನಕ್ಕೊಂದು ಮಾತ್ರೆ ಯಾರಿಗೂ ಕಾಣದಂತೆ ನುಂಗಿದ್ದೇನೆ. ಬಂಗು ಇದ್ದಲ್ಲೇ ಇದೆ.

ಅಕ್ಕಾವ್ರ ದಾರಿ ಬೇರೆ. ಇಲ್ಲಿನ ಸೂಪರ್ ಮಾರ್ಕೆಟ್ಟುಗಳಲ್ಲಿ ಬೀಜವಿರುವ ದ್ರಾಕ್ಷಿ ಸಿಗುವುದೇ ಕಷ್ಟ. ಅವರು ಶನಿವಾರ ಸೈಕಲ್ ತುಳಿದುಕೊಂಡು ಟರ್ಕಿಯವರ ಅಂಗಡಿಗೆ ಹೋಗಿ ಬೀಜದ ಕಪ್ಪು ದ್ರಾಕ್ಷಿ ತರುತ್ತಿದ್ದರು. ತಿಂದು, ಬೀಜವನ್ನು ಅಂಗೈಗೆ ಉಗುಳಿ, ತೊಳೆದು, ಹೀಟರಿನ ಮೇಲೆ ಕಾಗದ ಹಾಸಿ ಒಣಗಿಸುತ್ತಿದ್ದರು. ಅರ್ಧವನ್ನು ಹಾಗೆಯೇ ಕಟುಂ ಕಟುಂ ಎಂದು ಅಗಿಯುತ್ತಿದ್ದರು. ಉಳಿದರ್ಧಕ್ಕೆ ಪರಿಚಯದವರು ಎತ್ತಿಟ್ಟುಕೊಟ್ಟ ಬೀಜವನ್ನೂ ಸೇರಿಸಿ ಮಿಕ್ಸಿಯಲ್ಲಿ ಪುಡಿ ಮಾಡಿ, ಜಾಮಿನ ಹಳೆಯ ಬಾಟಲಿಗಳಲ್ಲಿ ತುಂಬಿ, ಕೇಳಿದವರಿಗೆಲ್ಲ ಕೊಡುತ್ತಿದ್ದರು. ಆಮ್ಸ್ಟೆಲ್‌ವೀನ್‌ನ ಕನ್ನಡ ಹೆಂಗಸರಲ್ಲಿ ಆ ಬಾಟಲಿ ಇಲ್ಲದ ಮನೆ ಕಡಿಮೆ. ಮೊಸರಿನಲ್ಲಿ ಕಲಸಿ ಮುಖಕ್ಕೆ ಹಚ್ಚುವವರು, ಮಜ್ಜಿಗೆಗೆ ಹಾಕಿ ಕುಡಿಯುವವರು, ಚಪಾತಿ ಹಿಟ್ಟಿಗೆ ಬೆರೆಸುವವರು ಎಲ್ಲರೂ ಇದ್ದರು. ಜೊತೆಗೆ ಎಲ್ಲರೂ ಒಂದು ಮಾತು ಹೇಳುತ್ತಿದ್ದರು: "ಅವರ ಮುಖ ನೋಡಿ, ಅದಕ್ಕಿಂತ ಪ್ರೂಫ್ ಬೇಕಾ?"

ನನಗೆ ಉರಿಯುತ್ತಿದ್ದದ್ದು ಈ ಮಾತಿಗೆ. ನಾಲ್ಕು ವರ್ಷ ಓದಿ ಬರೆದ ನನ್ನ ದಪ್ಪ ಪುಸ್ತಕವನ್ನು ಯಾರೂ ಕೇಳಲಿಲ್ಲ. ಅವರ ಮುಖವೊಂದೇ ಸಾಕಾಗಿತ್ತು. ಅದೂ ಎಂಥ ಮುಖ ಅಂತೀರಿ! ಬಿಳುಪೇನಲ್ಲ, ಅವರು ತಿನ್ನುತ್ತಿದ್ದ ದ್ರಾಕ್ಷಿಯದೇ ಬಣ್ಣ. ಆ ಕಪ್ಪಿನಲ್ಲಿ ಒಂದು ಕಲೆಯಿಲ್ಲ, ಒಂದು ಗೆರೆಯಿಲ್ಲ. ಎಣ್ಣೆ ಸವರಿದ ಹಾಗೆ ಮಿರಮಿರ ಮಿಂಚುವುದು. ರೈಲಿನಲ್ಲಿ ಕಿಟಕಿಯ ಪಕ್ಕ ಅವರು ಕೂತರೆ ಬೆಳಕು ಅವರನ್ನೇ ಹುಡುಕಿಕೊಂಡು ಬರುತ್ತಿತ್ತು. ನಾನು ಅವರ ಪಕ್ಕ ಕೂರುವುದನ್ನು ಬಿಟ್ಟು ಎದುರು ಕೂರಲು ಶುರು ಮಾಡಿದೆ, ಆದರೆ ಅಲ್ಲಿಂದ ಇನ್ನೂ ಚೆನ್ನಾಗಿ ಕಾಣುತ್ತಿತ್ತು.

ಪುಡಿಯ ಬಗ್ಗೆ ಅವರೇನೂ ಕೊಚ್ಚಿಕೊಳ್ಳುತ್ತಿರಲಿಲ್ಲ. ಅದು ಇನ್ನೂ ಕಷ್ಟ. ಜಂಭ ಮಾಡುವವರಾದರೆ ಮನಸ್ಸು ಬಿಚ್ಚಿ ಬೈಯಬಹುದು. ಒಂದು ದಿನ ತಡೆಯಲಾರದೆ, "ಅಕ್ಕಾವ್ರೇ, ಇದರಿಂದ ಸ್ಕಿನ್‌ಗೆ ಏನೋ ಆಗತ್ತೆ ಅಂತ ನೀವು ನಿಜವಾಗ್ಲೂ ನಂಬ್ತೀರಾ?" ಎಂದು ಕೇಳಿದೆ.

"ಅದರಾಗ ಏನೈತಿ ಅಂತ ನನಗೇನ ಗೊತ್ತು? ಓದಿದಾಕಿ ನೀ. ನೀ ಹೇಳು."

"ಮತ್ಯಾಕೆ ತಿಂತೀರಾ?"

ಅವರು ರೈಲಿನ ಕಿಟಕಿಯ ಕಡೆ ತಿರುಗಿದರು. ಟುಲಿಪ್ ಹೊಲಗಳು ಹಿಂದಕ್ಕೆ ಓಡುತ್ತಿದ್ದವು.

"ನಮ್ಮವ್ವ ಹೋದಾಗ ನಾ ಆರು ವರ್ಷದಾಕಿ, ತಂಗಿ. ಆಕಿ ಮಾರಿ ನನಗ ನೆನಪಿಲ್ಲ. ಫೋಟೋನೂ ಇಲ್ಲ. ಬಾವಿ ಕಡೆ ನಮ್ಮದೊಂದ ದ್ರಾಕ್ಷಿ ಚಪ್ಪರ ಇತ್ತು. ಅದರ ತಳಗ ನಾ ಆಕಿ ತೊಡಿ ಮ್ಯಾಲ ಮಲಗತಿದ್ದೆ. ಆಕಿ ದ್ರಾಕ್ಷಿ ತಿಂದು ಬೀಜ ಕಟುಂ ಕಟುಂ ಕಡೀತಿದ್ಲು. ಆ ಸಪ್ಪಳ ಅಷ್ಟ ನೆನಪೈತಿ. ಈಗ ನಾ ಕಡದ್ರ ನನ್ನ ಕಿವ್ಯಾಗ ಅದ ಸಪ್ಪಳ ಬರತೈತಿ, ಅದಕ್ಕ ತಿಂತೀನಿ."

ಬೇರೆ ಯಾರಾದರೂ ಆಗಿದ್ದರೆ ಅವರ ಕೈ ಹಿಡಿದುಕೊಳ್ಳುತ್ತಿದ್ದರು. ನನಗೆ ಆಗ ಹೊಳೆದದ್ದು, ಇಷ್ಟು ಚಂದದ ಕಾರಣ ಕೂಡ ಇವರಿಗೇ ಸಿಗಬೇಕೇ ಎಂದು. ನನ್ನ ಮಾತ್ರೆ ನುಂಗುವುದಕ್ಕೆ ಬಂಗು ಬಿಟ್ಟರೆ ಬೇರೆ ಕಾರಣವಿರಲಿಲ್ಲ.

ಲ್ಯಾಬಿನಲ್ಲೂ ಹೀಗೇ ಆಗುತ್ತಿತ್ತು. ಒಮ್ಮೆ ದ್ರಾಕ್ಷಿ ಬೀಜದ ಸಾರ ಎಂದು ಬರೆದ ಒಂದು ಮಾದರಿ ಬಂತು. ಅಳೆಯುವ ಯಂತ್ರದಲ್ಲಿ ಸಂಖ್ಯೆಗಳೆಲ್ಲ ಸರಿಯಿದ್ದವು. ನಾನು ಸಹಿ ಹಾಕುವುದರಲ್ಲಿದ್ದೆ. ಅಕ್ಕಾವ್ರು ಅದನ್ನು ಬಿಸಿನೀರಿನಲ್ಲಿ ಕದಡುತ್ತಿದ್ದವರು ಹಬೆಗೆ ಮೂಗು ಒಡ್ಡಿ ನಿಂತುಬಿಟ್ಟರು.

"ತಂಗಿ, ಇದು ದ್ರಾಕ್ಷಿ ಅಲ್ಲ. ಶೇಂಗಾದ ಸಿಪ್ಪಿ."

"ಹಾಗೆಲ್ಲ ಮೂಸಿ ಹೇಳಕ್ಕಾಗತ್ತಾ ಅಕ್ಕಾವ್ರೇ?"

"ಶೇಂಗಾ ಹುರದ್ ಮ್ಯಾಲ ಅಂಗೈಯಾಗ ತಿಕ್ಕಿ ಊದತಾರಲ್ಲ, ಆಗ ಹಾರ್ತೈತಲ್ಲ ಕೆಂಪ ಸಿಪ್ಪಿ, ಅದ ವಾಸನಿ. ಇದನ್ನ ನಾ ತಪ್ಪಂಗಿಲ್ಲ."

ಎರಡು ದಿನ ಕೂತು ಬೇರೆ ವಿಧಾನದಲ್ಲಿ ಪರೀಕ್ಷೆ ಮಾಡಿದೆ. ಶೇಂಗಾ ಸಿಪ್ಪೆಯೇ. ಅಗ್ಗದ ಸಿಪ್ಪೆಯ ಸಾರವನ್ನು ದ್ರಾಕ್ಷಿ ಬೀಜದ್ದೆಂದು ಮಾರುವವರು ಇರುತ್ತಾರೆ. ಎರಡರಲ್ಲೂ ಒಗರಿರುವುದರಿಂದ ಸಾಮಾನ್ಯ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. ಶೇಂಗಾ ಒಗ್ಗದ ಯಾರಾದರೂ ಅದನ್ನು ನುಂಗಿದ್ದರೆ ಆಸ್ಪತ್ರೆ ಸೇರುತ್ತಿದ್ದರು. ನಮ್ಮ ಡಚ್ ಮೇಲಧಿಕಾರಿ ಕೇಕ್ ತರಿಸಿ ಎಲ್ಲರೆದುರು ಅಕ್ಕಾವ್ರ ಮೂಗಿಗೆ ಚಪ್ಪಾಳೆ ಹೊಡೆಸಿದ. ವರದಿ ಬರೆದವಳು ನಾನು. ನನ್ನ ಪಾಲಿನ ಕೇಕನ್ನು ಡಬ್ಬಿಯಲ್ಲಿ ಹಾಕಿಕೊಂಡು ಮನೆಗೆ ತಂದು, ಮಗಳಿಗೆ ಕೊಟ್ಟೆ.

ಇಷ್ಟಾದರೂ ತಡೆದುಕೊಳ್ಳುತ್ತಿದ್ದೆ. ಮೂರು ವರ್ಷದ ಹಿಂದೆ ಅಮ್ಮ ಬಂದಳು.

ಅಮ್ಮ ಮೈಸೂರಿನಿಂದ ಮೂರು ತಿಂಗಳ ವೀಸಾದ ಮೇಲೆ ಬಂದಿದ್ದಳು. ಬಂದ ಮೊದಲ ಭಾನುವಾರವೇ ಅಕ್ಕಾವ್ರು ಜೋಳದ ರೊಟ್ಟಿ, ಎಣಗಾಯಿ ಪಲ್ಯ ಕಟ್ಟಿಕೊಂಡು ನಮ್ಮ ಮನೆಗೆ ಬಂದರು. ಅಮ್ಮ ರೊಟ್ಟಿಗಿಂತ ಹೆಚ್ಚಾಗಿ ಅವರ ಮುಖವನ್ನೇ ನೋಡುತ್ತಿದ್ದಳು. ಅವರು ಹೋದ ಮೇಲೆ ಶುರುವಾಯಿತು.

"ಕಳೆ ಅಂದ್ರೆ ಅದು ಕಣೇ. ಅರವತ್ನಾಲ್ಕಂತೆ! ನೀನೂ ಇದೀಯ. ನೀನು ಅದೇನೋ ದ್ರಾಕ್ಷಿ ಬೀಜನೇ ಓದಿದ್ದಲ್ವಾ?"

"ಹೂಂ ಅಮ್ಮ."

"ಓದಿದ್ದು ನೀನು, ಹೊಳೀತಿರೋದು ಅವ್ರು!"

ಅಮ್ಮನಿಗೆ ಅದು ತಮಾಷೆ. ಇವತ್ತಿಗೂ ನೆನಪಾದರೆ ನನ್ನ ಕಿವಿ ಬಿಸಿಯಾಗುತ್ತದೆ. ಅಂದಿನಿಂದ ಬುಧವಾರ ಬಂತೆಂದರೆ ಅಮ್ಮನಿಗೆ ಹಬ್ಬ. ಬುಧವಾರ ಅಕ್ಕಾವ್ರಿಗೆ ರಜೆ. ನಾನು ಲೈಡನ್ನಿನಲ್ಲಿ ದುಡಿಯುವ ಹೊತ್ತಿನಲ್ಲಿ ಅವರು ಬಂದು ಅಮ್ಮನನ್ನು ಪಾರ್ಕಿಗೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿನ ಒಂದು ಬೆಂಚು ಇಂಡಿಯಾದಿಂದ ಬಂದ ಅಪ್ಪ ಅಮ್ಮಂದಿರದು. ಮಕ್ಕಳು ಆಫೀಸಿಗೆ ಹೋದ ಮೇಲೆ ಎಲ್ಲರೂ ಕೋಟು, ಟೋಪಿ ಹಾಕಿಕೊಂಡು ಅಲ್ಲಿ ಸೇರುತ್ತಾರೆ. ಸಂಜೆ ನಾನು ಬಂದರೆ ಅಮ್ಮನ ಬಾಯಲ್ಲಿ ದ್ರಾಕ್ಷಿಯವರು ಹೀಗಂದರು, ದ್ರಾಕ್ಷಿಯವರು ಹಾಗಂದರು ಎಂಬುದೊಂದೇ ಸುದ್ದಿ. ಅಮ್ಮ ಅವರಿಗಿಟ್ಟ ಹೆಸರು ಅದು.

ಒಂದು ಬುಧವಾರ ಅಮ್ಮ ಮುಖ ಸಣ್ಣ ಮಾಡಿಕೊಂಡು ಕೂತಿದ್ದಳು. "ಅವ್ರ ಪುಡಿ ಕೇಳ್ದೆ. ನಿಮಗೆ ಕೊಡಲ್ಲ ಅಂದ್ಬಿಟ್ರು," ಎಂದಳು.

"ಯಾಕಂತೆ?"

"ನಿಮಗೆ ಬೇಡ ಅಂದ್ರು ಅಷ್ಟೆ. ಊರಿಗೆಲ್ಲ ಹಂಚ್ತಾರೆ."

ಆಗ ಫೋನ್ ಮಾಡಿ ಯಾಕೆ ಎಂದು ಅವರನ್ನೇ ಒಂದು ಮಾತು ಕೇಳಬೇಕಿತ್ತು. ಮರುದಿನ ರೈಲಿನಲ್ಲಾದರೂ ಕೇಳಬಹುದಿತ್ತು. ಕೇಳಲಿಲ್ಲ. ಅವರಿಗೆ ಕೆಟ್ಟ ಹೆಸರು ಬರುವಂಥದ್ದೊಂದು ಕೊನೆಗೂ ಸಿಕ್ಕಿತ್ತು, ಅದನ್ನು ಕೇಳಿ ಹಾಳುಮಾಡಿಕೊಳ್ಳಲು ನನಗೆ ಮನಸ್ಸಿರಲಿಲ್ಲ. ಹೊಳಪನ್ನು ತಮ್ಮಲ್ಲೇ ಇಟ್ಟುಕೊಳ್ಳುವ ಜಿಪುಣತನ ಇದು ಎಂದು ತೀರ್ಮಾನಿಸಿದೆ. ಜೊತೆಗೆ ಇನ್ನೊಂದು ಅವಕಾಶವೂ ಕಂಡಿತು. ನಾನು ನುಂಗುತ್ತಿದ್ದ ಮಾತ್ರೆಯ ಹೊಸ ಡಬ್ಬಿ ಒಡೆದು ಅಮ್ಮನ ಕೈಗಿಟ್ಟೆ.

"ಅವರ ಪುಡಿಗಿಂತ ಇದು ಎಷ್ಟೋ ಸ್ಟ್ರಾಂಗ್ ಅಮ್ಮ. ನಾನೇ ಟೆಸ್ಟ್ ಮಾಡಿರೋದು. ಬೆಳಿಗ್ಗೆ ಒಂದು, ರಾತ್ರಿ ಒಂದು."

ಅಮ್ಮ ಡಬ್ಬಿಯನ್ನು ಕಣ್ಣಿಗೊತ್ತಿಕೊಂಡಳು. ಅವಳು ಬಂದ ಮೇಲೆ ಮೊದಲ ಬಾರಿಗೆ ನನಗೆ ಗೆದ್ದ ಹಾಗೆ ಅನ್ನಿಸಿತು.

ಅಮ್ಮನಿಗೆ ಎದೆಬಡಿತ ಏರುಪೇರಾಗುವ ತೊಂದರೆ ಇದೆ. ಅದಕ್ಕಾಗಿ ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುತ್ತಾಳೆ. ಆ ಮಾತ್ರೆ ಅವಳ ಬ್ಯಾಗಿನಲ್ಲಿರುವುದು ನನಗೆ ಗೊತ್ತಿತ್ತು, ಪ್ರತಿ ರಾತ್ರಿ ನೀರು ತಂದುಕೊಡುತ್ತಿದ್ದವಳೇ ನಾನು. ನಮ್ಮ ಲ್ಯಾಬಿನಿಂದ ಹೋಗುವ ದ್ರಾಕ್ಷಿ ಬೀಜದ ಪ್ರತಿ ವರದಿಯ ಕೊನೆಯಲ್ಲೂ ಒಂದು ಸಾಲಿರುತ್ತದೆ: ರಕ್ತ ತೆಳುಮಾಡುವ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದನ್ನು ಬಳಸಬಾರದು. ಎರಡೂ ಸೇರಿದರೆ ರಕ್ತ ಹೆಪ್ಪುಗಟ್ಟುವುದು ತಡವಾಗಬಹುದೆಂಬ ಅನುಮಾನವಿದೆ. ಆ ಸಾಲು ಇರಲೇಬೇಕೆಂದು ಮೀಟಿಂಗಿನಲ್ಲಿ ಹಟ ಹಿಡಿದು ಸೇರಿಸಿದವಳು ನಾನು. ಅದನ್ನು ಎಷ್ಟು ಸಲ ಟೈಪ್ ಮಾಡಿದ್ದೇನೋ ಲೆಕ್ಕವಿಲ್ಲ. ಆ ಸಾಲಿನಲ್ಲಿ ಬರುವ ಜನರ ಪೈಕಿ ನನ್ನ ಅಮ್ಮನೂ ಒಬ್ಬಳು ಎಂದು ನನಗೆ ಹೊಳೆಯಲೇ ಇಲ್ಲ.

ಎರಡು ವಾರದಲ್ಲಿ ಅಮ್ಮನಿಗೆ ಎರಡು ಸಲ ಮೂಗಿನಿಂದ ರಕ್ತ ಬಂತು. ಹೀಟರಿನ ಒಣ ಗಾಳಿ ಎಂದು ಹೇಳಿ ಮೂಗಿಗೆ ತುಪ್ಪ ಹಚ್ಚಿಸಿದೆ.

ಮುಂದಿನ ಬುಧವಾರ ಅಕ್ಕಾವ್ರು ಬಂದಾಗ ಅಮ್ಮ ಬಳೆ ಹಿಂದಕ್ಕೆ ಸರಿಸಿ ಪಾತ್ರೆ ತೊಳೆಯುತ್ತಿದ್ದಳಂತೆ. ಮೊಣಕೈವರೆಗೆ ನೀಲಿ ಕಲೆಗಳು. ಅಕ್ಕಾವ್ರು ಕೈ ಹಿಡಿದು ತಿರುಗಿಸಿ ನೋಡಿ, ಹೊಸದಾಗಿ ಏನು ತಗೊಳ್ಳುತ್ತಿದ್ದೀರಿ ಎಂದು ಕೇಳಿದರಂತೆ. ಅಮ್ಮ ಹೆಮ್ಮೆಯಿಂದ ಡಬ್ಬಿ ತೋರಿಸಿದಳಂತೆ. ಇಲ್ಲಿನ ಮನೆವೈದ್ಯರನ್ನು ಕಾಣುವುದು ಎಷ್ಟು ಕಷ್ಟವೆಂದು ಇಲ್ಲಿರುವವರಿಗೆ ಗೊತ್ತು. ಫೋನ್ ಮಾಡಿದರೆ ಪ್ಯಾರಾಸಿಟಮಾಲ್ ನುಂಗಿ ಎರಡು ವಾರ ನೋಡಿ ಎನ್ನುತ್ತಾರೆ. ಅಕ್ಕಾವ್ರು ಫೋನ್ ಮಾಡಲಿಲ್ಲ. ಅಮ್ಮನಿಗೆ ಕೋಟು ತೊಡಿಸಿ, ಡಬ್ಬಿಯನ್ನೂ ಮಾತ್ರೆಯ ಚೀಟಿಯನ್ನೂ ಕೈಯಲ್ಲಿ ಹಿಡಿದು, ನೇರ ಕ್ಲಿನಿಕ್ಕಿಗೆ ಹೋಗಿ ಕೌಂಟರಿನ ಮುಂದೆ ನಿಂತು, ನೋಡುವವರೆಗೆ ಕದಲುವುದಿಲ್ಲ ಎಂದು ಡಚ್ಚಿನಲ್ಲಿ ಹೇಳಿದರಂತೆ. ಅದೇ ದಿನ ರಕ್ತ ಪರೀಕ್ಷೆಯಾಯಿತು. ರಕ್ತ ಇರಬೇಕಾದ್ದಕ್ಕಿಂತ ಬಹಳ ತೆಳುವಾಗಿತ್ತು. ಇದೊಂದೇ ಕಾರಣವೆಂದು ಖಚಿತವಾಗಿ ಹೇಳಲಾರೆ, ಆದರೆ ಈ ಡಬ್ಬಿ ಇವತ್ತೇ ನಿಲ್ಲಬೇಕು ಎಂದರಂತೆ ವೈದ್ಯರು.

ನಾನು ಲ್ಯಾಬಿನಲ್ಲಿದ್ದೆ. ಫೋನ್ ಬಂತು.

"ತಂಗಿ, ಹೆದರಬ್ಯಾಡ. ಅವ್ವಾರ ಆರಾಮ ಅದಾರ. ನೀ ಕೊಟ್ಟ ಗುಳಿಗಿ ನಿಂದ್ರಿಸೇವಿ."

"ಯಾಕೆ? ಏನಾಯ್ತು?"

"ಅವರದು ರಕ್ತದ ಗುಳಿಗಿ ಐತೆಲ್ಲವಾ. ಅದಕ್ಕ ನಾ ಪುಡಿ ಕೊಟ್ಟಿರಲಿಲ್ಲ. ನೀನ ಬರೀತಿ ನೋಡ, ವರದಿ ತಳಗ ಆ ಸಾಲು. ಅದನ್ನ ಓದಿ ಓದಿ ನನಗ ಬಾಯಿಪಾಠ ಆಗೈತಿ."

ಅಲ್ಲೇ ಸ್ಟೂಲಿನ ಮೇಲೆ ಕೂತೆ. ನಾಚಿಕೆಯಾಯಿತು, ಭಯವಾಯಿತು. ಅವೆರಡರ ಅಡಿಯಲ್ಲಿ, ಸುಳ್ಳು ಯಾಕೆ ಹೇಳಲಿ, ಅಮ್ಮನನ್ನು ಉಳಿಸಿದ್ದು ಕೂಡ ಇವರೇ ಆಗಬೇಕಿತ್ತೇ ಎಂಬ ಉರಿಯೂ ಇತ್ತು.

ವಾರದಲ್ಲಿ ಅಮ್ಮ ಸರಿಹೋದಳು. ಕಥೆ ಅಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಸ್ವಲ್ಪ ದಿನಕ್ಕೆ ಇಂಡಿಯನ್ ಅಂಗಡಿಯಲ್ಲಿ ನಮ್ಮ ಕನ್ನಡ ಕೂಟದ ಕಾರ್ಯದರ್ಶಿ ಸಿಕ್ಕಳು. ಕೈಯಲ್ಲಿ ಕರಿಬೇವು ಹಿಡಿದುಕೊಂಡೇ ಹತ್ತಿರ ಬಂದು ದನಿ ತಗ್ಗಿಸಿದಳು.

"ನಿಮ್ಮಮ್ಮಂಗೆ ಆ ಪುಡಿಯಿಂದ ಬ್ಲೀಡಿಂಗ್ ಆಯ್ತಂತೆ? ಪಾಪ, ಅವ್ರೇ ಬೆಂಚ್ ಹತ್ರ ಹೇಳ್ತಿದ್ರು. ನಾವೆಲ್ಲ ಬಿಟ್ವಿಪ್ಪಾ. ನಾನಂತೂ ಬಾಟಲ್ ಎಸೆದೇಬಿಟ್ಟೆ. ಅಕ್ಕಾವ್ರು ಒಳ್ಳೆಯವ್ರೇ, ಆದ್ರೆ ಓದಿದವ್ರಲ್ವಲ್ಲ."

ಬಾಯಿ ತೆರೆದೆ. ನಾಲ್ಕು ಶಬ್ದ ಸಾಕಿತ್ತು. "ಹೌದಾ?" ಎಂದೆ. ಆಮೇಲೆ, "ಈಗ ಪರವಾಗಿಲ್ಲ," ಎಂದೆ.

ಮನೆಗೆ ಬಂದು ಅಮ್ಮನನ್ನು ಕೇಳಿದೆ. ಅವಳು ಅವರೆಕಾಳು ಹಿಚುಕುತ್ತಿದ್ದಳು, ತಲೆಯನ್ನೂ ಎತ್ತಲಿಲ್ಲ.

"ಮತ್ತೇನು ಹೇಳ್ಲಿ? ನನ್ನ ಮಗಳು ಅದನ್ನೇ ಓದಿ ಡಾಕ್ಟರೇಟ್ ತಗೊಂಡವಳು, ಅವಳೇ ಕೊಟ್ಟು ನನಗೆ ಹೀಗಾಯ್ತು ಅಂತ ಹೇಳ್ಲಾ?"

"ಅವರ ಹೆಸರು ಯಾಕಮ್ಮ ಹೇಳ್ದೆ? ನಿನ್ನನ್ನ ಡಾಕ್ಟರ್ ಹತ್ರ ಕರ್ಕೊಂಡು ಹೋಗಿದ್ದೇ ಅವ್ರು."

"ಅವ್ರು ದೊಡ್ಡ ಮನಸ್ಸಿನವ್ರು, ತಡ್ಕೋತಾರೆ. ನೀನು ತಡ್ಕೊಳಲ್ಲ."

ನಾನು ಅವತ್ತು ಅಮ್ಮನ ಜೊತೆ ಜಗಳವಾಡಬೇಕಿತ್ತು. ಅವಳ ಪಕ್ಕ ಕೂತು ಅವರೆಕಾಳು ಹಿಚುಕಿದೆ. ಎರಡು ತಿಂಗಳಿಂದ ಅವರ ಹೊಗಳಿಕೆಯನ್ನೇ ಕೇಳಿ ಬೆಂದಿದ್ದೆ. ಕಡೆಗೆ ಒಂದು ಕಡೆ ಸೇರಬೇಕಾಗಿ ಬಂದಾಗ ಅಮ್ಮ ನನ್ನ ಕಡೆ ಸೇರಿದ್ದಳು. ಎಷ್ಟು ಹಿತವಾಗಿತ್ತೆಂದರೆ ಅದು ಸುಳ್ಳಿನ ಮೇಲೆ ನಿಂತ ಹಿತ ಎಂಬುದನ್ನು ನೆನೆಯಲೂ ಮನಸ್ಸಾಗಲಿಲ್ಲ.

ಮುಂದಿನ ಕೂಟಕ್ಕೆ ಅಕ್ಕಾವ್ರು ಎಂದಿನಂತೆ ಚೀಲದಲ್ಲಿ ಬಾಟಲಿಗಳನ್ನು ತಂದಿದ್ದರು. ಒಬ್ಬರೂ ತೆಗೆದುಕೊಳ್ಳಲಿಲ್ಲ. "ಇನ್ನೂ ಇದೆ ಅಕ್ಕಾವ್ರೇ," "ಮುಂದಿನ ಸಲ ಅಕ್ಕಾವ್ರೇ" ಎಂದು ಎಲ್ಲರೂ ತಪ್ಪಿಸಿಕೊಂಡರು. ಅವರು ಚೀಲವನ್ನು ಕುರ್ಚಿಯ ಕೆಳಗೆ ಸರಿಸಿ, ಒಂದು ಸಲ ನನ್ನ ಕಡೆ ನೋಡಿದರು. ಅವರಿಗೆ ಗೊತ್ತಿತ್ತು. ಮಾರನೇ ದಿನ ರೈಲಿನಲ್ಲಿ ಅವರು ಬಯ್ಯಲಿ ಎಂದು ಕಾದೆ. "ಅವ್ವಾರ ಆರಾಮ ಅದಾರಲ್ಲ?" ಎಂದಷ್ಟೇ ಕೇಳಿ ಬೀಜ ಅಗಿಯುತ್ತ ಕೂತರು. ಆಮೇಲೆ ಅವರು ಪುಡಿ ಮಾಡಲಿಲ್ಲ. ತಮಗೆ ಬೇಕಾದಷ್ಟು ಬೀಜವನ್ನು ಒಣಗಿಸಿಕೊಂಡು ಒಬ್ಬರೇ ಅಗಿಯುತ್ತಿದ್ದರು. ಮುಖದ ಹೊಳಪು ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ. ಕಡಿಮೆಯಾಗಿದೆಯೇ ಎಂದು ನಾನು ಎಷ್ಟೋ ಸಲ ನೋಡಿದ್ದೇನೆ.

ಹೀಗೆ ಮೂರು ವರ್ಷ ಕಳೆಯಿತು. ಕಳೆದ ತಿಂಗಳು ಕನ್ನಡದವರೆಲ್ಲ ಸೇರಿ ಅವರಿಗೆ ಬೀಳ್ಕೊಡುಗೆ ಇಟ್ಟುಕೊಂಡರು. ಇಲ್ಲಿನವರ ಹುಟ್ಟುಹಬ್ಬದ ಹಾಗೆ ಕುರ್ಚಿಗಳನ್ನೆಲ್ಲ ದುಂಡಗೆ ಹಾಕಿದ್ದರು. ಸಹೋದ್ಯೋಗಿಯೆಂದು ಎರಡು ಮಾತಾಡಲು ನನಗೆ ಹೇಳಿದರು. ಬರೆದು ತಂದದ್ದೊಂದಿತ್ತು, ಶೇಂಗಾ ಸಿಪ್ಪೆಯ ಪ್ರಸಂಗ, ನಗೆಚಾಟಿಕೆ ಎಲ್ಲ ಇದ್ದದ್ದು. ಎದ್ದು ನಿಂತಾಗ ಅಕ್ಕಾವ್ರು ಎದುರಿಗೇ ಕೂತಿದ್ದರು. ಅವರ ಕುರ್ಚಿಯ ಕೆಳಗೆ ಚೀಲವಿರಲಿಲ್ಲ. ಅದೊಂದು ಕಂಡು, ಬರೆದು ತಂದದ್ದು ಮರೆತುಹೋಯಿತು.

"ನನ್ನಮ್ಮನಿಗೆ ಮೂರು ವರ್ಷದ ಹಿಂದೆ ರಕ್ತ ಬಂದದ್ದು ಅಕ್ಕಾವ್ರ ಪುಡಿಯಿಂದ ಅಲ್ಲ," ಎಂದೆ. "ಅವರು ಅಮ್ಮನಿಗೆ ಒಂದು ಚಿಟಿಕೆಯನ್ನೂ ಕೊಟ್ಟಿಲ್ಲ. ಮಾತ್ರೆ ಕೊಟ್ಟವಳು ನಾನು. ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ ಉಳಿಸಿದವರು ಅಕ್ಕಾವ್ರು."

ಕಾರ್ಯದರ್ಶಿ ಎದ್ದು ಬಂದು ನನ್ನ ಭುಜದ ಮೇಲೆ ಕೈಯಿಟ್ಟಳು. ಅವಳ ಕಣ್ಣು ಒದ್ದೆಯಾಗಿತ್ತು.

"ನೋಡಿ, ಎಂಥ ಮನಸ್ಸು ಇವರದು! ಹೋಗೋರಿಗೆ ಬೇಜಾರಾಗಬಾರ್ದು ಅಂತ ತಪ್ಪನ್ನ ತಾವೇ ಹಾಕ್ಕೋತಿದಾರೆ."

ಎಲ್ಲರೂ ಚಪ್ಪಾಳೆ ಹೊಡೆದರು. ಹದಿಮೂರು ವರ್ಷದಲ್ಲಿ ಆ ಹೆಂಗಸರು ನನಗೆ ಚಪ್ಪಾಳೆ ಹೊಡೆದದ್ದು ಅದೇ ಮೊದಲು. ನಾನು ಅಳುವ ಹಾಗಾಗಿ ಫೋನ್ ತೆಗೆದೆ. ಮೈಸೂರಿಗೆ ಕರೆ ಮಾಡಿ ಸ್ಪೀಕರ್ ಹಾಕಿದೆ. "ಅಮ್ಮ, ಎಲ್ಲರೂ ಕೇಳಿಸ್ಕೋತಿದಾರೆ. ನಿಜ ಹೇಳು. ಅವತ್ತು ನಿನಗೆ ದ್ರಾಕ್ಷಿ ಬೀಜದ ಮಾತ್ರೆ ಕೊಟ್ಟಿದ್ದು ಯಾರು?"

ಆ ಕಡೆ ಕುಕ್ಕರ್ ಕೂಗಿತು. ಅಮ್ಮ ಗಂಟಲು ಸರಿಮಾಡಿಕೊಂಡಳು.

"ಇನ್ಯಾರು? ಆ ದ್ರಾಕ್ಷಿಯವ್ರೇ. ಪುಡಿ ಕೊಟ್ರು. ನೀನು ಬೇಡ ಬೇಡ ಅಂತಾನೇ ಇದ್ದೆ."

ನಾನು ಬಾಯಿ ತೆರೆಯುವ ಮೊದಲೇ ಅಕ್ಕಾವ್ರು ಎದ್ದು ಬಂದು ಫೋನಿನ ಹತ್ತಿರ ಬಗ್ಗಿದರು. "ಹೌದ್ರಿ ಅವ್ವಾರ. ನಂದ ತಪ್ಪಾತ್ರಿ. ಆರಾಮ ಇರ್ರಿ," ಎಂದು ಹೇಳಿ ಕರೆ ಮುಗಿಸಿದರು.

ಊಟವಾದ ಮೇಲೆ ಅವರನ್ನು ಬಿಟ್ಟುಬರಲು ಟ್ರಾಮ್ ನಿಲ್ದಾಣದವರೆಗೆ ಹೋದೆ. ಮನೆ ಆಗಲೇ ಖಾಲಿ ಮಾಡಿ, ಒಂದೆರಡು ದಿನಕ್ಕೆಂದು ಆಮ್ಸ್ಟರ್‌ಡ್ಯಾಮಿನ ಗೆಳತಿಯ ಮನೆಯಲ್ಲಿದ್ದರು. ಅಲ್ಲಿಂದ ದಕ್ಷಿಣದ ಲಿಂಬರ್ಗಿಗೆ, ದ್ರಾಕ್ಷಿ ತೋಟಗಳಿರುವ ಕಡೆ, ಸಣ್ಣದೊಂದು ಬಾಡಿಗೆ ಮನೆಗೆ ಹೋಗುವವರಿದ್ದರು. ಸುಗ್ಗಿಯಲ್ಲಿ ದ್ರಾಕ್ಷಿ ಕೊಯ್ಯಲು ಬರುತ್ತೇನೆಂದು ಈಗಲೇ ಹೇಳಿಟ್ಟಿದ್ದರಂತೆ. ನಿಲ್ದಾಣ ಹತ್ತಿರವಾದಾಗ ಕೇಳಿದೆ.

"ನೀವ್ಯಾಕೆ ಒಪ್ಕೊಂಡ್ರಿ ಅಕ್ಕಾವ್ರೇ? ನಾನು ಕಷ್ಟಪಟ್ಟು ನಿಜ ಹೇಳಿದ್ದೆ."

"ಹೇಳಿದೆಲ್ಲ. ನಾ ಕೇಳಿದೆ. ಸಾಕು."

"ಅಮ್ಮ ಮತ್ತೆ ಸುಳ್ಳು ಹೇಳಿದ್ಲು. ನಿಮಗೆ ಸಿಟ್ಟೇ ಬರಲ್ವಾ?"

ಅವರು ನಿಂತರು. ಅವರ ಮುಖ ನಾನು ಎಂದೂ ನೋಡದ ಹಾಗೆ ಕಪ್ಪಿಟ್ಟಿತು.

"ಸಿಟ್ಟಲ್ಲ, ತಂಗಿ. ಹೊಟ್ಟಿ ಉರೀತೈತಿ. ಇಷ್ಟ ಮಂದಿ ಮುಂದ, ಹೃದಯದ ಗುಳಿಗಿ ನುಂಗೋ ಮುದುಕಿ, ಮಗಳ ಸಲುವಾಗಿ ಹಂಗ ಗಟ್ಟಿಯಾಗಿ ಸುಳ್ಳ ಹೇಳತಾಳಲ್ಲ. ನನಗ ಹಂಗ ಹೇಳಾಕ ಒಬ್ಬರ ಇದ್ರೇನ? ಮೂರ ವರ್ಷದಿಂದ ನಿನ್ನ ನೋಡಿದಾಗೊಮ್ಮೆ ಉರೀತೈತಿ ನನಗ."

ಟ್ರಾಮ್ ಬಂತು. ಕಾರ್ಡ್ ತಾಗಿಸಿ ಹತ್ತಿ, ಕಿಟಕಿಯ ಪಕ್ಕ ಕೂತು, ಕೋಟಿನ ಜೇಬಿನಿಂದ ಏನನ್ನೋ ತೆಗೆದು ಬಾಯಿಗೆ ಹಾಕಿಕೊಂಡರು. ಗಾಜಿನಾಚೆಯಿಂದ ಸಪ್ಪಳ ನನಗೆ ಕೇಳಲಿಲ್ಲ.

ಅಮ್ಮ ಕೂಟದ ಮಾತಿಗೆ ಬೆಲೆ ಕೊಡುವುದಿಲ್ಲ, ನನ್ನ ಮಾತಿಗಂತೂ ಕೊಡುವುದೇ ಇಲ್ಲ. ಅಚ್ಚಾಗಿ ಬಂದ ಕನ್ನಡಕ್ಕೆ ಮಾತ್ರ ಬೆಲೆ ಕೊಡುತ್ತಾಳೆ, ಕನ್ನಡಕ ಹಾಕಿಕೊಂಡು ಕೊನೆಯ ಸಾಲಿನವರೆಗೂ ಓದುತ್ತಾಳೆ. ಅದಕ್ಕೇ ಇದನ್ನು ಬರೆದೆ. ಅಮ್ಮ, ಮಾತ್ರೆ ಕೊಟ್ಟವಳು ನಾನು. ಇನ್ನು ಮೇಲೆ ಅವರ ಹೆಸರು ಹೇಳಬೇಡ. ಸಾಧ್ಯವಾದರೆ ಒಂದು ಸಲ ಅವರಿಗಾಗಿಯೂ ಏನಾದರೂ ಸುಳ್ಳು ಹೇಳು.